ದನದ ಡಾಕ್ಟರು ಸಹಿ ಮಾಡಿದ ಗುರುತಿನ ಪತ್ರ

ನಾನು ಸುಳ್ಳು ಹೇಳಿದೆ. ಮುನಿಶಾಮಪ್ಪ ಮಾವನಿಗೆ ದೆಹಲಿಯ ವಿಮಾನ ಹತ್ತಲು ಯಾವ ಗುರುತಿನ ಪತ್ರವೂ ಬೇಕಿರಲಿಲ್ಲ. ಆಗೆಲ್ಲ ಯಾರಿಗೂ ಬೇಕಿರಲಿಲ್ಲ. ಟಿಕೆಟ್ಟಿನ ಮೇಲೆ ಕೈಯಲ್ಲಿ ಬರೆದ ಒಂದು ಹೆಸರು, ಅಷ್ಟೇ — ಆ ಹೆಸರು ನಿಮ್ಮದೇನಾ ಅಂತ ಕೂಡ ಬಾಗಿಲಲ್ಲಿ ನಿಂತವರು ಕೇಳುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಈಗ ಸಂಜಯನಗರದ ನಮ್ಮ ಬೀದಿಯವರು ವಿಮಾನದ ವಿಷಯ ಏನಿದ್ದರೂ ನನ್ನನ್ನೇ ಕೇಳುತ್ತಾರೆ. "ಆಂಟಿ, ಎಷ್ಟು ದಿನ ಮುಂಚೆ ಬುಕ್ ಮಾಡ್ಬೇಕು? ಆಧಾರ್ ಒರಿಜಿನಲ್ಲೇ ಬೇಕಾ?" ಬೇಗ ಮಾಡಿ, ಹಬ್ಬದ ವಾರ ಬಿಟ್ಟು ಮಾಡಿ, ಕಾರ್ಡು ಕೈಯಲ್ಲೇ ಇರಲಿ ಅನ್ನುತ್ತೇನೆ. ಅಬ್ಬಾ, ಎಷ್ಟು ತಿಳಿದುಕೊಂಡಿದ್ದಾರೆ ಅಂತ ತಲೆದೂಗಿ ಹೋಗುತ್ತಾರೆ. ಪೆದ್ದರು. ಯಾರ ಬಾಯಿಂದ ಕೇಳುತ್ತಿದ್ದೇವೆ ಅಂತ ಗೊತ್ತಿದ್ದರೆ ನಮ್ಮ ಗೇಟು ಕೂಡ ತೆಗೆಯುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಆಫೀಸು, ಕೌಂಟರಿನ ಹಿಂದೆ ಇಬ್ಬರು ಹುಡುಗಿಯರು — ನಾನು ಮತ್ತು ಲಲಿತಾ. ಸೀಟು ಇದೆಯೋ ಇಲ್ಲವೋ ತಿಳಿಯಬೇಕಾದರೆ ವಿಮಾನದ ಆಫೀಸಿಗೆ ಫೋನ್ ಮಾಡಬೇಕು. ಅವರು ಇದೆ ಅಂದರೆ ನಾವು ಟಿಕೆಟ್ ಬರೆದುಕೊಡಬೇಕು. ಇಷ್ಟೇ ಇಷ್ಟು ಕೆಲಸಕ್ಕೆ ನನಗಿದ್ದ ಜಂಬ ನೀವು ನೋಡಬೇಕಿತ್ತು. ರಜೆ ಹತ್ತಿರ ಬಂದ ಮೇಲೆ ಓಡಿ ಬರುವವರನ್ನು ಕಂಡರೆ ನನಗೆ ತಾತ್ಸಾರ. "ಒಂದು ತಿಂಗ್ಳು ಮುಂಚೆ ಬರ್ಬೇಕು ಕಣ್ರೀ, ಇದೇನು ಸಿಟಿ ಬಸ್ಸಾ?" ಅನ್ನುತ್ತಿದ್ದೆ. ಅಲ್ಲಿಯವರೆಗೆ ನಾನೇ ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಇನ್ನೊಂದು ವಿಷಯ — ಇದನ್ನು ಹೇಳದೆ ಮುಂದಿನದು ಹೇಳಲಾಗುವುದಿಲ್ಲ. ನನ್ನ ತಾತ ಕೊಡಿಗೇಹಳ್ಳಿಯಲ್ಲಿ ಸೊಪ್ಪು ಬೆಳೆಯುತ್ತಿದ್ದವನು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾವು ಊರು ಬಿಟ್ಟಾಗ ನನಗೆ ಹತ್ತು ವರ್ಷ. ಆಫೀಸಿನಲ್ಲಿ ಮಾತ್ರ ನಾನು ಹುಟ್ಟಿದ್ದೇ ಬಸವನಗುಡಿಯಲ್ಲಿ ಅಂತ ಹೇಳಿಕೊಂಡಿದ್ದೆ. ಊರಿನ ಮಾತನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ತೆಗೆದಿದ್ದೆ. ಲಲಿತಾ ಎಲ್ಲವನ್ನೂ ನಂಬಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮುನಿಶಾಮಪ್ಪ ಮಾವ ಬಂದರು. ತಾತನ ಪಕ್ಕದ ತೋಟದವರು, ಊರಿನ ರೂಢಿಯಲ್ಲಿ ನನಗೆ ಮಾವ. ಚಪ್ಪಲಿ ಹೊರಗೆ ಬಿಟ್ಟು, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು ಒಳಗೆ ಬಂದು ಕೌಂಟರಿನ ಮೇಲೆ ಒಂದು ಟೆಲಿಗ್ರಾಂ ಇಟ್ಟರು. ದೆಹಲಿಯಲ್ಲಿದ್ದ ಮಗಳು ಜಯಮ್ಮನಿಗೆ ಹೆರಿಗೆಯಾಗಿ ಸೀರಿಯಸ್, ಕೂಡಲೇ ಹೊರಡಿ ಅಂತ ಅಳಿಯ ಕಳಿಸಿದ್ದ. ರೈಲಿನಲ್ಲಿ ಹೋದರೆ ಎರಡು ದಿನದ ಮೇಲಾಗುತ್ತದೆ. ಆ ಬೆಳೆ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ವಿಮಾನದಲ್ಲೇ ಹೋಗಿಬಿಡೋಣ ಅಂತ ಮನಸ್ಸು ಮಾಡಿ ಬಂದಿದ್ದರು.

"ಇಮಾನದಾಗೆ ಒಂದ್ ಸೀಟು ಕೊಡವ್ವಾ" ಅಂದರು. ಆಮೇಲೆ ನನ್ನನ್ನು ಸರಿಯಾಗಿ ನೋಡಿದರು. ಅಷ್ಟು ಸಂಕಟದಲ್ಲೂ ಅವರ ಮುಖ ಅರಳಿತು. "ನೀನು ನಮ್ ಸೊಪ್ಪಿನ ಅನುಮಂತಪ್ಪನ ಮೊಮ್ಮಗ್ಳಲ್ವಾ? ಇಲ್ಲಿ ನಮ್ಮುಡುಗಿ ಐತೆ ಅಂತ ಏಳಿದ್ರು. ಅದ್ಕೇ ಬ್ಯಾರೆಲ್ಲೂ ಓಗ್ಲಿಲ್ಲ."

ಲಲಿತಾ ಬರೆಯುವುದು ನಿಲ್ಲಿಸಿ ನನ್ನ ಕಡೆ ತಿರುಗಿದಳು.

ತಾತ ಸತ್ತಾಗ ಚಟ್ಟಕ್ಕೆ ಹೆಗಲು ಕೊಟ್ಟವರು ಇವರು. ಇವರ ಬಾವಿಯಲ್ಲೇ ನಾನೂ ಜಯಮ್ಮನೂ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು. ಇದೆಲ್ಲ ಆ ಗಳಿಗೆಯಲ್ಲಿ ನನಗೆ ನೆನಪಿತ್ತು — ಮರೆತಿದ್ದೆ ಅನ್ನುವಷ್ಟು ಮಾನಗೆಟ್ಟಿಲ್ಲ ನಾನು.

"ನೀನು ಯಾರೋ ನನಗೆ ಗೊತ್ತಿಲ್ಲಪ್ಪಾ" ಅಂದೆ. "ಗುರುತಿನ ಪತ್ರ ಇಲ್ದೆ ಟಿಕೆಟ್ ಕೊಡಲ್ಲ. ರೇಷನ್ ಕಾರ್ಡು, ಶಾನುಭೋಗರ ಸರ್ಟಿಫಿಕೇಟು, ಒಂದು ಫೋಟೋ. ಫೋಟೋ ಮೇಲೆ ಗೆಜೆಟೆಡ್ ಆಫೀಸರ್ ಸಹಿ ಇರ್ಬೇಕು. ಎಲ್ಲಾ ತಗೊಂಡ್ ಬಾ."

ಒಂದೊಂದೇ ಸೇರಿಸುತ್ತಾ ಹೋದೆ, ಅವರು ಒಂದೊಂದಕ್ಕೂ ಹೂಂಗುಟ್ಟಿದರು. ಅನುಮಾನವೇ ಬರಲಿಲ್ಲ ಅವರಿಗೆ. ಎರಡು ಮೂಟೆ ಗೊಬ್ಬರಕ್ಕೇ ನಾಲ್ಕು ಕಾಗದ ಕೇಳುವ ಕಿಟಕಿಗಳನ್ನು ಕಂಡವರು — ವಿಮಾನಕ್ಕೆ ಕೇಳದೆ ಇರುತ್ತಾರಾ ಅಂದುಕೊಂಡಿರಬೇಕು. ಹೋಗುವಾಗ ನನ್ನ ಹತ್ತಿರ ಕ್ಷಮೆ ಬೇರೆ ಕೇಳಿದರು. "ಕಣ್ಣು ಮಂಜು ಕಣಮ್ಮಾ, ನಮ್ಮೋರು ಅಂದ್ಕಂಡೆ. ತೆಪ್ಪು ತಿಳ್ಕಾಬ್ಯಾಡಿ." ನೀನು ಅಂದವರು ನೀವು ಅನ್ನುತ್ತಾ ಮೆಟ್ಟಿಲಿಳಿದರು.

"ಅದ್ಯಾವ ರೂಲೇ?" ಅಂದಳು ಲಲಿತಾ. "ಇಂಥೋರ್ನ ಒಂದ್ಸಲ ಹತ್ತಿಸಿದ್ರೆ ಇಡೀ ಊರೇ ಬಂದು ನಿಲ್ಲತ್ತೆ ಕಣೇ" ಅಂದೆ. ಇಬ್ಬರೂ ನಕ್ಕೆವು. ಮಂಗಳವಾರದ ವಿಮಾನದಲ್ಲಿ ಸೀಟು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಫೋನ್ ಎತ್ತಲೇ ಇಲ್ಲ.

ಬುಧವಾರ ಸಂಜೆ ಅವರು ಎಲ್ಲವನ್ನೂ ತಂದರು. ಯಶವಂತಪುರದ ಸ್ಟುಡಿಯೋದಲ್ಲಿ ತೆಗೆಸಿದ, ಕಣ್ಣು ದೊಡ್ಡದು ಮಾಡಿಕೊಂಡ ಫೋಟೋ. ಎರಡು ದಿನ ಕಾದು ಹಿಡಿದ ಶಾನುಭೋಗರ ಸರ್ಟಿಫಿಕೇಟು. ಗೆಜೆಟೆಡ್ ಆಫೀಸರ್ ಅಂತ ಅವರಿಗೆ ಗೊತ್ತಿದ್ದದ್ದು ಒಬ್ಬರೇ — ಹೆಬ್ಬಾಳದ ದನದ ಡಾಕ್ಟರು. ಫೋಟೋ ಅಂಟಿಸಿದ ಹಾಳೆಯ ಮೇಲೆ ಆ ಪುಣ್ಯಾತ್ಮ ಬರೆದುಕೊಟ್ಟಿದ್ದರು: ಈ ವ್ಯಕ್ತಿಯನ್ನು ನಾನು ಹಲವು ವರ್ಷಗಳಿಂದ ಚೆನ್ನಾಗಿ ಬಲ್ಲೆ. ಕೆಳಗೆ ಸಹಿ, ನೇರಳೆ ಬಣ್ಣದ ಮೊಹರು. "ದನದ ಡಾಕ್ಟ್ರಾ?" ಅಂತ ಕೇಳಿ ನಾನು ಲಲಿತಾಗೆ ಕಣ್ಣು ಹೊಡೆದೆ. ಆಮೇಲೆ ಫೋನ್ ಮಾಡಿದೆ. ಮಾರನೆಯ ದಿನಕ್ಕೆ ಸೀಟು ಒಂದೇ ಮಾತಿಗೆ ಸಿಕ್ಕಿತು.

ಕೆಲವು ವಾರ ಕಳೆದು ಅವರು ಮತ್ತೆ ಬಂದರು, ಕೈಯಲ್ಲಿ ಒಂದು ಕುಕ್ಕೆ ದ್ರಾಕ್ಷಿ. ಥ್ಯಾಂಕ್ಸ್ ಹೇಳಲು ಬಂದಿದ್ದರು. ನನಗೆ.

"ಮಗು ಉಳ್ಕಂತು ಕಣಮ್ಮಾ, ಎಣ್ಣು" ಅಂದರು. "ತಾಯಿ ಉಳೀಲಿಲ್ಲ. ಬುದವಾರ ಸಂಜೆ ಮಣ್ಣು ಮಾಡ್ಬುಟ್ಟಿದ್ರು. ಮಂಗ್ಳವಾರ ಎಲ್ಲಾ ಅಪ್ಪ ಬಂದ್ನಾ, ಅಪ್ಪ ಬಂದ್ನಾ ಅಂತಿದ್ಲಂತೆ."

ಆಮೇಲೆ ಟವೆಲ್ಲು ಹಿಂಡುತ್ತಾ, ಯಾವುದೋ ಲೆಕ್ಕ ತಪ್ಪಿದವರಂತೆ ಕೇಳಿದರು — "ಆ ಕಾಗ್ದಗಳ್ನ ಯಾರೂ ನೋಡ್ಲೇ ಇಲ್ವಲ್ಲಮ್ಮಾ. ನಾನೇ ತೋರ್ಸಕ್ ಓದ್ರೂ ಬ್ಯಾಡ ಓಗು ಅಂದ್ರು. ಯಾಕೆ?"

ಆಗಲಾದರೂ ಹೇಳಬಹುದಿತ್ತು. ಲಲಿತಾ ಅವತ್ತು ರಜೆ. ಮರ್ಯಾದೆ ಹೋಗಲು ಅಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. "ಅವತ್ತು ಚೆಕಿಂಗ್ ಇರ್ಲಿಲ್ಲ ಅನ್ಸತ್ತೆ" ಅಂದೆ. ಮೊದಲ ಸುಳ್ಳಿಗೆ ಜಂಬ ಇತ್ತು, ಹಾಳು ವಯಸ್ಸಿತ್ತು ಅನ್ನಿ. ಈ ಎರಡನೆಯದಕ್ಕೆ ಏನಿತ್ತು? ಎಷ್ಟು ಹುಡುಕಿದರೂ ಹೇಡಿತನ ಬಿಟ್ಟು ಬೇರೆ ಹೆಸರು ಸಿಕ್ಕಿಲ್ಲ ನನಗೆ.

ಅವರು ನಂಬಿದರು. ಜುಬ್ಬದ ಜೇಬಿನಿಂದ ಆ ದನದ ಡಾಕ್ಟರ ಹಾಳೆಯನ್ನು ತೆಗೆದು, ಮಡಿಕೆ ಬಿಡಿಸಿ ಕೌಂಟರಿನ ಮೇಲಿಟ್ಟರು. "ಇದು ನಿಮ್ಮತ್ರಾನೇ ಇರ್ಲಿ. ನನ್ನಂತೋರು ಯಾರಾದ್ರೂ ಬಂದ್ರೆ ತೋರ್ಸಿ, ಇಂಗಿರ್ಬೇಕು ಅಂತ. ಬಿರ್ರನೆ ಮಾಡಿಸ್ಕಂತಾರೆ. ನನ್ನಂಗೆ ತಡ ಆಗ್ಬಾರ್ದು."

ಆ ಹಾಳೆ ಇಷ್ಟು ವರ್ಷ ನನ್ನ ಬೀರುವಿನಲ್ಲಿದೆ. ಮಾವ ಈಗಿಲ್ಲ. ಅವರು ಬದುಕಿದ್ದಾಗ ಕೊಡಿಗೇಹಳ್ಳಿ ನನಗೆ ಅರ್ಧ ಗಂಟೆಯ ಬಸ್ ದಾರಿಯಷ್ಟೂ ದೂರ ಇರಲಿಲ್ಲ. ಹೋಗಲಿಲ್ಲ. ಜಯಮ್ಮನ ಮಗಳನ್ನು ಮಾವ ಊರಿಗೇ ತಂದಿದ್ದರು; ಅವಳು ಅಜ್ಜಿಯ ಕೈಯಲ್ಲೇ ಬೆಳೆದು, ತೋಟ ಲೇಔಟಿಗೆ ಹೋದ ಮೇಲೆ ಆ ಜಾಗದಲ್ಲೇ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಒಮ್ಮೆ ರವಿಕೆ ಬಟ್ಟೆ ಹಿಡಿದು ಬಾಗಿಲವರೆಗೆ ಹೋಗಿ ಬಂದೆ. ಅವಳ ಕಣ್ಣು ಆ ಫೋಟೋದಲ್ಲಿರುವ ಕಣ್ಣೇ.

ನಾಳೆ ಈ ಹಾಳೆ ತೆಗೆದುಕೊಂಡು ಹೋಗುತ್ತೇನೆ. ಇದು ಅವಳದ್ದು. ಯಾರು ನೀವು ಅಂತ ಕೇಳುತ್ತಾಳೆ, ಕೇಳಲೇಬೇಕು. ಸೊಪ್ಪಿನ ಹನುಮಂತಪ್ಪನ ಮೊಮ್ಮಗಳು ಅನ್ನುತ್ತೇನೆ. ಉಳಿದದ್ದನ್ನು ಆಮೇಲೆ, ನಿಂತುಕೊಂಡೇ ಹೇಳುತ್ತೇನೆ.