ಅಜ್ಜಿಯ ಕೆಮ್ಮು ಪುತ್ತೂರಿಗೆ ಹೋದದ್ದು

ಕೆಮ್ಮು ಕೇಳಿ ಯಾರಿಗಾದರೂ ಖುಷಿಯಾಗುವುದುಂಟೇ? ನನಗೆ ಆಗುತ್ತದೆ ಮಾರಾಯ್ರೆ. ಪಕ್ಕದ ಮನೆಯ ಮುದುಕಿ ಬೆಳಗ್ಗೆ ಗೊರಗೊರ ಕೆಮ್ಮಿದರೆ ಸಾಕು, ನಾನು ಐವತ್ತರ ದಶಕದ ಪುತ್ತೂರು ಬಸ್ಸಿನಲ್ಲಿ ದೇವಕಿ ಅತ್ತೆಗೆ ಅಂಟಿಕೊಂಡು ಕೂತಿರುತ್ತೇನೆ. ಈಗ ಗೋಡೆಯೂ ಉಳಿಯದ ನಮ್ಮ ಮನೆ ಇದ್ದದ್ದು ಸುಬ್ರಹ್ಮಣ್ಯದಿಂದಲೂ ಆಚೆ. ಪುತ್ತೂರು ಪೇಟೆಯವರಿಗೆ ಶೀತವಾದರೂ ಬೀದಿ ದಾಟಿದರೆ ಡಾಕ್ಟ್ರು. ನಮಗೆ ಡಾಕ್ಟ್ರೆಂದರೆ ಗದ್ದೆಬದು, ಹೊಳೆ, ಮತ್ತೆ ಅರ್ಧ ದಿನದ ಬಸ್ಸು. ಹಾಸಿಗೆ ಹಿಡಿದವರನ್ನು ಅಷ್ಟು ದೂರ ಕುಲುಕಿಸಿಕೊಂಡು ಹೋಗುದು ಹೇಗೆ? ಹಾಗಾಗಿ ರೋಗಿ ಮನೆಯಲ್ಲೇ ಇರುವುದು, ಬಾಯಿ ಇದ್ದವರೊಬ್ಬರು ಹೋಗಿ ರೋಗ ಹೇಳಿ ಮದ್ದು ತರುವುದು. ನಿಮ್ಮ ಊರಲ್ಲೂ ಹೀಗೇ ಇದ್ದಿರಬಹುದು.

ಆ ಬೇಸಗೆಯಲ್ಲಿ ಅಜ್ಜಿಯ ಉಬ್ಬಸ ಜೋರಾಯಿತು. ಅಪ್ಪ ಹೋಗಿ, ಕೆಮ್ಮು ಎಂದಷ್ಟೇ ಹೇಳಿ ತಂದ ಮದ್ದು ಹಿಡಿಯಲಿಲ್ಲ. ಎರಡನೇ ಸಲ ಹೊರಟದ್ದು ಅಪ್ಪನ ತಂಗಿ ದೇವಕಿ ಅತ್ತೆ. ಊರವರ ನಡಿಗೆ, ಮಾತು ಎಲ್ಲ ಮಾಡಿ ತೋರಿಸಿ ನಗಿಸಿ ನಗಿಸಿ ನಮ್ಮ ಹೊಟ್ಟೆ ಹುಣ್ಣಾಗಿಸುತ್ತಿದ್ದವಳು. ಬಸ್ಸಿನುದ್ದಕ್ಕೂ ಅವಳು ಅಜ್ಜಿಯ ಕೆಮ್ಮನ್ನು ಅಭ್ಯಾಸ ಮಾಡಿದಳು. ಪಕ್ಕದಲ್ಲಿದ್ದವರು ಹೆದರಿ ಹಿಂದಿನ ಸೀಟಿಗೆ ಹೋದರು, ನನಗೆ ಕಿಟಕಿ ಸಿಕ್ಕಿತು. ಅಬ್ಬಾ, ಆ ಗಾಳಿ! ಡಾಕ್ಟ್ರ ಎದುರು ಅತ್ತೆ ಕೆಮ್ಮಿದಾಗ ಅವರು ನಕ್ಕರು. "ರಾತ್ರಿ ಮಲಗುದು ಹೇಗೆ ಅವರು?" ಅಂತ ಕೇಳಿದರು. ಅತ್ತೆ ಮಲಗಲಿಲ್ಲ. ಬೆಂಚಿನಲ್ಲಿ ಕೂತು, ಮಡಿಲಲ್ಲಿ ದಿಂಬು ಇದ್ದ ಹಾಗೆ ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರಿಗೆ ಒದ್ದಾಡಿದಳು. ಮತ್ತೆ ಎದ್ದು, ಅಜ್ಜಿಯ ಹಾಗೆ ಬಾತ ಕಾಲನ್ನು ಎಳೆದುಕೊಂಡು ನಡೆದಳು. ಡಾಕ್ಟ್ರ ನಗು ನಿಂತಿತು. ಇದು ಬರೀ ಕೆಮ್ಮಲ್ಲ, ಹೃದಯ ಸೋಲುತ್ತಾ ಉಂಟು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಚೀಲ ಹಿಡಿದು ಎದ್ದೇಬಿಟ್ಟರು.

ನಮ್ಮ ಮನೆಗೆ ಡಾಕ್ಟ್ರು! ರಸ್ತೆ ಇರುವಲ್ಲಿವರೆಗೆ ಅವರ ಕಾರಿನಲ್ಲಿ, ಆಮೇಲೆ ಪ್ಯಾಂಟು ಮಡಚಿ ಹೊಳೆ ದಾಟಿ. ನಾನು ಮುಂದೆ ಮುಂದೆ ಓಡಿ ಕಂಡಕಂಡವರಿಗೆಲ್ಲ ಸಾರಿದೆ. ಅಂಗಳದಲ್ಲಿ ಜನವೋ ಜನ. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ಅಜ್ಜಿ ಚಾಪೆಯಲ್ಲಿ ಕಾಲು ಚಾಚಿ ನಿದ್ದೆ ಹೋದಳು. ಮನೆಯವರೆಲ್ಲ ಬಾಗಿಲಲ್ಲಿ ನಿಂತು ಆ ನಿದ್ದೆಯನ್ನೇ ನೋಡಿದೆವು.

ಆದರೆ ವಾರವಾರ ನೋಡದೆ ಆಗುದಿಲ್ಲ, ಇಷ್ಟು ದೂರ ತಾನು ಬರುವುದೂ ಆಗದು ಎಂದರು ಡಾಕ್ಟ್ರು. ಕೊನೆಗೆ ಪುತ್ತೂರಿನ ಚಿಕ್ಕಪ್ಪನ ಬಾಡಿಗೆ ಮನೆಯಲ್ಲಿ ಅಜ್ಜಿ ಇರುವುದೆಂದಾಯಿತು. ಸ್ವಲ್ಪ ಚೇತರಿಸಿದ ಮೇಲೆ ಕುರ್ಚಿಗೆ ಬಿದಿರು ಕಟ್ಟಿ ಅವಳನ್ನು ಹೊತ್ತರು. ಹೊರಡುವಾಗ ಅತ್ತೆಯ ಕೈ ಹಿಡಿದು ಅಜ್ಜಿ ಹೇಳಿದಳು: "ಅಲ್ಲಿ ನೀನು ನಾನಾಗಿ ತೋರಿಸಿದಿಯಂತೆ. ಇನ್ನು ಇಲ್ಲಿಯೂ ನೀನೇ ನಾನು ಮಗಾ."

ಅಜ್ಜಿ ಪುತ್ತೂರಿನಲ್ಲಿ ಕೆಲವು ವರ್ಷ ಚೆನ್ನಾಗಿಯೇ ಬದುಕಿದಳು. ಮನೆಗೆ ಮಾತ್ರ ಮತ್ತೆ ಬರಲಿಲ್ಲ. ಅತ್ತೆ ಅಜ್ಜಿಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಎಲ್ಲರಿಗೂ ಬಡಿಸಿ ಕೊನೆಗೆ ಉಂಡಳು, ನಮ್ಮನ್ನು ಗದರಿದಳು. ನಾವು ಎಷ್ಟು ಗೋಗರೆದರೂ ಮತ್ತೆಂದೂ ಯಾರ ಹಾಗೆಯೂ ಮಾಡಿ ತೋರಿಸಲಿಲ್ಲ.