ದೀಪ ಹಚ್ಚಿದ ಮೇಲೆ ಬಂದ ಮಜ್ಜಿಗೆ

ಬಂಗಾರಿ, ಪುಟ್ಟಾ,

ನಿಮ್ಮ ಅವ್ವ ಐದು ವರ್ಷದವಳಿದ್ದಾಗ ಒಮ್ಮೆ ಮನೆಯ ಬೀಗವನ್ನು ಜೋಳದ ಚೀಲದೊಳಗೆ ಹೂತಿಟ್ಟಿದ್ದಳು. ಬಹಳ ಮಾತಾಡಿದರೆ ಬಾಯಿಗೆ ಬೀಗ ಹಾಕುತ್ತೇನೆ ಎಂದು ನಾನು ಗದರಿಸಿದ್ದೆ, ಅದಕ್ಕೆ. ಅವತ್ತು ಬಾಗಿಲಿಗೆ ಹಗ್ಗ ಕಟ್ಟಿ ಹೊಲಕ್ಕೆ ಹೋದೆವು. ದೊಡ್ಡವರು ಆಡಿದ್ದನ್ನು ಆಡಿದ ಹಾಗೆಯೇ ನಂಬುವ ಕೂಸು. ಆ ನಂಬಿಕೆಯಿಂದ ನಡೆದ ಇನ್ನೊಂದು ಸಂಗತಿಯನ್ನು ನಿಮ್ಮ ಎದುರು ಕೂತು ಹೇಳಲು ನನಗೆ ಆಗುವುದಿಲ್ಲ. ಬರೆದರೆ ನಾಚಿಕೆ ಸ್ವಲ್ಪ ಕಡಿಮೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಸ್ಕಿಯ ಹತ್ತಿರದ ನಮ್ಮೂರಿನಲ್ಲಿ ನಮಗೂ ಭಾವನವರಿಗೂ ನಡುವೆ ಒಂದು ಗೋಡೆ, ಹಿತ್ತಲು ಒಂದೇ. ಭಾವನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ಲಿಂಗಸುಗೂರಿನವಳು, ಹತ್ತನೆಯ ತನಕ ಓದಿದವಳು. ನನ್ನದು ಊರ ಶಾಲೆಯಲ್ಲಿ ನಾಲ್ಕಕ್ಕೆ ಮುಗಿದಿತ್ತು. ಆಕೆಗೆ ಇಬ್ಬರು ಗಂಡುಮಕ್ಕಳು, ಹೆಣ್ಣಿಲ್ಲ. ನಿಮ್ಮ ಅವ್ವ ಆಕೆಯನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು, ಎದ್ದರೆ ಅಲ್ಲಿಗೇ ಓಡುತ್ತಿದ್ದಳು. ರೊಟ್ಟಿ ಅಲ್ಲಿ, ಕತೆ ಅಲ್ಲಿ, ಜಡೆಯೂ ಅಲ್ಲಿಯೇ. ಹಣಿಗೆ ಹಿಡಿದು ನಾನು ಕರೆದರೆ, "ನೀ ಜಗ್ಗತಿ. ದೊಡ್ಡವ್ವ ಜಗ್ಗಂಗಿಲ್ಲ" ಎನ್ನುವಳು. ಕೆಂಪು ರಿಬ್ಬನ್ನಿನ ಎರಡು ಜಡೆ ಹಾಕಿಸಿಕೊಂಡು ಬಂದಾಗ, ನನ್ನ ತವರಿನ ಕೊಡದ ಮೇಲೆ ಯಾರೋ ತಮ್ಮ ಹೆಸರು ಕೊರೆಸಿಕೊಂಡಂತೆ ಅನ್ನಿಸುತ್ತಿತ್ತು. ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ.

ಆ ವರ್ಷ ಭಾವ ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಶುರು ಮಾಡಿದರು. ಜೂನಿಗೆ ಮೊದಲು ಸಂಸಾರ ಅಲ್ಲಿಗೆ ಹೋಗುವುದೆಂದಾಯಿತು.

"ಕೂಸಿನ್ನ ನಮ್ಮ ಕೂಡ ಕಳಸು ತಂಗಿ, ಅಲ್ಲಿ ಸಾಲಿ ಚೊಲೊ ಅದಾವ" ಎಂದಳು ನೆಗೆಣ್ಣಿ.

ತೀರಿಹೋದ ನಿಮ್ಮ ಅಜ್ಜ ತೀರ್ಮಾನವನ್ನು ನನಗೇ ಬಿಟ್ಟರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪಾತ್ರೆ ಕುಕ್ಕುತ್ತಾ ದಿನ ಕಳೆದೆ. ಒಂದು ಮಧ್ಯಾಹ್ನ ನನ್ನ ಅತ್ತೆ, ಕೂಸಿನ ಆಯಿ, ಅಡಕೆ ಕತ್ತರಿಸುತ್ತಾ, ಕೂಸಿನ ಎದುರೇ, "ಇಕಿಗೆ ಆಕಿನ್ನ ನೋಡಿದ್ರ ಹೊಟ್ಟಿ ಉರಿತೈತಿ, ಮತ್ತೇನಿಲ್ಲ" ಎಂದರು. ನಿಜ ಹೇಳಿದ್ದಕ್ಕೇ ನನಗೆ ಸಿಟ್ಟು ಬಂತು. ಕೂಸು ನನ್ನ ಹೊಟ್ಟೆಯನ್ನೇ ನೋಡುತ್ತಾ ನಿಂತದ್ದು ಕಂಡರೂ ಲಕ್ಷ್ಯ ಕೊಡಲಿಲ್ಲ.

ಸಂಜೆ ದೀಪ ಹಚ್ಚಿ ತಿರುಗಿದರೆ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಹೊಸಿಲು ದಾಟುತ್ತಿದ್ದಾಳೆ. ತುಂಬ ಮಜ್ಜಿಗೆ, ಮೇಲೆ ಜೀರಿಗೆ.

"ಕುಡಿಬೇ ಅವ್ವ. ಹೊಟ್ಟಿ ಉರಿಯಾಕತ್ತೈತಲ್ಲ."

"ಯಾರು ಕೊಟ್ರು?"

"ದೊಡ್ಡವ್ವ."

ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹಾಲು ಮಜ್ಜಿಗೆ ಹೊರಗೆ ಕೊಡುವುದಿಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂದು. ನೆಗೆಣ್ಣಿ ಅದರಲ್ಲಿ ಬಹಳ ಕಟ್ಟುನಿಟ್ಟು.

"ಏನಂತ ಕೇಳಿದಿ?"

"ನಿನ್ನ ನೋಡಿದ್ರ ನಮ್ಮವ್ವನ ಹೊಟ್ಟಿ ಉರಿತೈತಂತ ಆಯಿ ಅಂದ್ಳು, ಅಂದೆ."

"ಅದಕ್ಕ ಆಕಿ?"

"ಜೀರಿಗಿ ಹಾಕಿ ಮಜ್ಜಿಗಿ ಕೊಟ್ಲು." ಕೂಸು ಉಸಿರೆಳೆದುಕೊಂಡಿತು. "ನಮ್ಮವ್ವನ ಮುಂದ ಬರಬ್ಯಾಡ ಅಂತ ಹೇಳೀನಿ. ನಾನೂ ನಿಮ್ಮನಿಗೆ ಬರಂಗಿಲ್ಲ ಅಂದೀನಿ. ನೀ ಕುಡಿ."

ಸುಳ್ಳು ಬರೆಯುವುದಿಲ್ಲ, ಮಕ್ಕಳೇ. ಮೊದಲು ನನಗಾದದ್ದು ಸಂತೋಷ. ನಾಚಿಕೆ ಆಮೇಲೆ. ಹಿತ್ತಲಿಗೆ ಹೋಗಿ ಮಜ್ಜಿಗೆಯನ್ನು ಎಮ್ಮೆಗೆ ಮುಸುರೆ ಹಾಕುವ ಬಾನಿಯೊಳಗೆ ಸುರಿದು ಬಂದು, ಕುಡಿದೆ ಎಂದೆ.

ಮರುದಿನ ಅವಳು ಆ ಮನೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಜಡೆ ಹಾಕಿದೆ. ಜಗ್ಗಿದರೂ ಏನೂ ಅನ್ನದೆ ಕಣ್ಣು ಮುಚ್ಚಿ ಕೂತಿದ್ದಳು. ಗೋಡೆಯಾಚೆ ನೆಗೆಣ್ಣಿ ಕೆಮ್ಮಿದರೆ ಕತ್ತು ಆ ಕಡೆ ತಿರುಗುತ್ತಿತ್ತು. ಆಕೆಯೂ ನಾನು ಒಳಗೆ ಹೋದ ಮೇಲೆಯೇ ಹಿತ್ತಲಿಗೆ ಬರುತ್ತಿದ್ದಳು. ನನಗೆ ಬೇಕಾಗಿದ್ದದ್ದೆಲ್ಲ ಸಿಕ್ಕಿತ್ತು. ಮೂರನೆಯ ದಿನ ಕೂಸು ಕೇಳಿತು: "ಇನ್ನಾ ಎಷ್ಟು ದಿನ ಉರಿತೈತಿಬೇ?"

ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕಿದೆ. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಹೆಂಟೆ ಬೆಲ್ಲ ಹಾಕಿ, ಅವಳ ಕೈ ಹಿಡಿದುಕೊಂಡು ಹೋದೆ. ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕ, ತಪ್ಪಾಗೈತ್ರಿ. ಹೊಟ್ಟ್ಯಾಗ ಹಾಕ್ಕೊರಿ."

ಕೂಸು ತಂಬಿಗೆಯೊಳಗೆ ಇಣುಕಿತು. "ಬೆಲ್ಲ ಐತಿ ದೊಡ್ಡವ್ವ. ಹಾಕ್ಕೊ."

ನೆಗೆಣ್ಣಿ ಹಿಟ್ಟಿನ ಕೈಯಲ್ಲೇ ಬೆಲ್ಲದ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಹಾಕ್ಕೊಂಡ್ನಿ ನೋಡು." ಕೂಸು ರಿಬ್ಬನ್ನಿನ ಡಬ್ಬಿ ಹುಡುಕಲು ಒಳಗೆ ಓಡಿತು. ಆಮೇಲೆ ಆಕೆ ಮೆಲ್ಲಗೆ ಕೇಳಿದಳು: "ಮಜ್ಜಿಗಿ ಕುಡದಿಲ್ಲಲ್ಲ?"

"ಇಲ್ರಿ. ಎಮ್ಮಿಗಿ ಹಾಕಿದೆ."

"ಬಾನ್ಯಾಗ ಸುರುವಿದ್ದು ಕೇಳಸ್ತು. ಇರಲಿ, ಎಮ್ಮಿ ಹೊಟ್ಟಿ ತಣ್ಣಗಾತು."

ಇಬ್ಬರೂ ನಕ್ಕೆವು. ನಗುತ್ತಲೇ, "ಕರಕೊಂಡು ಹೋಗ್ರಿ ಅಕ್ಕ" ಎಂದೆ.

ಹತ್ತು ವರ್ಷ ನಿಮ್ಮ ಅವ್ವ ಸಿಂಧನೂರಿನಲ್ಲಿ ಓದಿದಳು. ರಜೆ ಮುಗಿಸಿ ಬಸ್ಸು ಹತ್ತುವಾಗ ಕಿಟಕಿಯಿಂದ ಬಗ್ಗಿ, "ಮಜ್ಜಿಗಿ ಕುಡಿಬೇ" ಎಂದು ಹೇಳುವುದನ್ನು ಬಿಡುತ್ತಿರಲಿಲ್ಲ. ಮನೆಗೆ ಬಂದು ಕುಡಿಯುತ್ತಿದ್ದೆ. ಉರಿ ಪೂರ್ತಿ ಹೋಯಿತೆಂದು ಹೇಳಲಾರೆ. ಈಗಲೂ ಫೋನ್ ಮಾಡಿದರೆ ಅವಳು ಮೊದಲು ಕೇಳುವುದು ದೊಡ್ಡವ್ವನ ಆರೋಗ್ಯ.

ಅವತ್ತಿನ ತಂಬಿಗೆ ಎಮ್ಮೆಯ ಪಾಲಾದದ್ದು ಅವಳಿಗೆ ಇಂದಿಗೂ ಗೊತ್ತಿಲ್ಲ. ಈ ಹಾಳೆಗಳನ್ನು ನನ್ನ ಟ್ರಂಕಿನಲ್ಲಿ, ಇಲಿ ಮುಟ್ಟದಂತೆ, ಸೀರೆಗಳ ಕೆಳಗೆ ಇಟ್ಟಿರಿ. ನಾನಿಲ್ಲದ ಮೇಲೆ ನೀವೇ ಅವಳಿಗೆ ಓದಿ ಹೇಳಿ. ಅಲ್ಲಿಯವರೆಗೆ ಜೋಪಾನ.