ಮಾಮಾ ಇಳಿಸಿದ ಡಿಕಾಕ್ಷನ್

ಗೋವಾದ ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ಹಳೆಯ ಪಾತ್ರೆಗಳ ರಾಶಿಯೊಳಗೆ ಹಿತ್ತಾಳೆಯ ಕಾಫಿ ಫಿಲ್ಟರ್ ಒಂದು ಕಂಡಿತು. ಎತ್ತಿಕೊಂಡೆ. ಮಾರುವವನು ನಮ್ಮ ಗದಗದ ಕಡೆಯವನೇ. "ಅದರ ತಳಾ ತೂತು ಬಿದ್ದೈತ್ರಿ ಅಕ್ಕಾರ, ಬ್ಯಾರೆ ತಗೋರಿ," ಅಂದ. ಅವನ ಪ್ರಾಮಾಣಿಕತೆಗೆ ನಗು ಬಂತು. ಹಿಂದೆಯೇ ಪಕ್ಕದ ಮನೆಯ ಅಕ್ಕ ನೆನಪಾದಳು.

ಮಂಗೋರ್ ಹಿಲ್‌ನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಅಕ್ಕ ಇದ್ದಳು. ಹಾಸನದ ಕಡೆಯವಳು, ಗೋಡೆ ಕಟ್ಟುವ ಬಾಗಲಕೋಟೆಯ ಗೌಂಡಿಯನ್ನು ಮದುವೆಯಾಗಿ ಗೋವಾಕ್ಕೆ ಬಂದಿದ್ದಳು. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಇಡೀ ಓಣಿ ಚಹಾ ಕುಡಿದರೆ ಆ ಮನೆಯಲ್ಲಿ ಮಾತ್ರ ಕಾಫಿ. ಮೇಲಿನ ಪಾತ್ರೆಗೆ ಪುಡಿ ಹಾಕಿ, ಅದರ ಮೇಲೆ ತೂತಿನ ಬಿಲ್ಲೆ ಇಟ್ಟು ಮೆಲ್ಲಗೆ ಒತ್ತಿ ಸಮ ಮಾಡಿ, ಕುದಿಯುವ ನೀರನ್ನು ಸುತ್ತಲೂ ಸುರಿದು ಮುಚ್ಚಿದರೆ ಮುಗಿಯಿತು, ಯಾರೂ ಮುಟ್ಟುವ ಹಾಗಿಲ್ಲ. ಬಿಗಿಯಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದಿಲ್ಲ, ಸಡಿಲ ಬಿಟ್ಟರೆ ನೀರು ಪುಡಿಯೊಳಗೆ ನಿಲ್ಲದೆ ಓಡಿಬಿಡುತ್ತದೆ... ಎಲ್ಲ ನನಗೆ ಹೇಳಿಕೊಟ್ಟಿದ್ದಳು. ಕಾಫಿಯ ವಿಷಯದಲ್ಲಿ ಮಹಾ ಖಡಕ್ಕು. ನಾನು ಮಾಡಿದ್ದು ತೆಳ್ಳಗಾದರೆ ಮುಲಾಜಿಲ್ಲದೆ ಮೋರಿಗೆ ಸುರಿಯುತ್ತಿದ್ದಳು. "ಒಂದ್ ಕಪ್ಪಿಗೆ ಇಷ್ಟ್ ಪೂಜಿ ಯಾಕ ಬೇ?" ಎಂದು ನನ್ನ ಅತ್ತೆ ಅವಳನ್ನು ಕಾಡಿಸುತ್ತಿದ್ದರು.

ಆಮೇಲೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟರು. ಅಕ್ಕನಿಗೆ ಸಾವಿಗಿಂತ ದೊಡ್ಡ ಚಿಂತೆ ಮಾಮಾನ ಬೆಳಗಿನ ಕಾಫಿಯದು. ಅವರು ಒಲೆ ಹಚ್ಚಿ ಗೊತ್ತಿಲ್ಲದವರು. "ನಾನ್ ಹೋದ್ಮೇಲೆ ಬೆಳಗಾಗೆದ್ದು ಯಾರ ಮನೆ ಬಾಗ್ಲು ನೋಡ್ತಾರೆ ಇವ್ರು?" ಎನ್ನುತ್ತಿದ್ದಳು. ಮಂಚದಲ್ಲಿ ಮಲಗಿಕೊಂಡೇ ಪಾಠ ಶುರು ಮಾಡಿದಳು.

ಗೌಂಡಿಯ ಕೈ! ಕಾಂಕ್ರೀಟ್ ಬಡಿದ ಹಾಗೆ ಪುಡಿಯನ್ನು ಒತ್ತುತ್ತಿದ್ದರು. ಒಂದು ಹನಿಯೂ ಇಳಿಯುತ್ತಿರಲಿಲ್ಲ. ಸಿಟ್ಟಿಗೆದ್ದು ಕುಟ್ಟಿದರೆ ಗಸಿಯೆಲ್ಲ ಕೆಳಗೆ. "ಗ್ವಾಡಿ ಕಟ್ಟಾಕ ಬರ್ತೈತಿ, ಇದು ಬರವಲ್ದು," ಎಂದು ತಲೆ ಹಿಡಿದು ಕೂರುತ್ತಿದ್ದರು. "ಇನ್ನೊಂದ್ಸಲ ಹಾಕಿ ರೀ," ಅಕ್ಕ ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲದ ಹಾಗಾಗಿತ್ತು...

ಒಂದು ಬೆಳಿಗ್ಗೆ ಮಾಮಾ ನನ್ನನ್ನು ಕೂಗಿ ಕರೆದರು. "ಇಳೀತು ನೋಡು, ಇಳೀತು!" ಹಾಲು ಬೆರೆಸಿ ಲೋಟವನ್ನು ಅಕ್ಕನ ತುಟಿಗೆ ಹಿಡಿದರು. ಅವಳು ನಾಲಿಗೆ ಒದ್ದೆ ಮಾಡಿಕೊಂಡು ಸ್ವಲ್ಪ ಹೊತ್ತು ಗಂಡನ ಮುಖ ನೋಡಿದಳು. "ಸರಿಯಾಗಿದೆ ರೀ. ಇನ್ಮೇಲೆ ಹೀಗೇ ಮಾಡ್ಕೊಳ್ಳಿ," ಅಂದಳು. ಪಾತ್ರೆಯಲ್ಲಿ ಉಳಿದದ್ದನ್ನು ಮಾಮಾ ನನಗೆ ಕೊಟ್ಟರು. ಒತ್ತಲು ಹೆದರಿ ಅವರು ಬಿಲ್ಲೆಯನ್ನೇ ಇಟ್ಟಿರಲಿಲ್ಲ. ಬರೀ ಬಣ್ಣದ ಬಿಸಿನೀರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬೇಡವೆಂದು ತಲೆಯಾಡಿಸಿದಳು. ಅಂಥ ಅಕ್ಕ ಕೈಚೆಲ್ಲಿದ್ದಳು. ಹೇಳಿಕೊಡಲು ಅವಳಲ್ಲಿ ಉಸಿರು ಉಳಿದಿರಲಿಲ್ಲ. ಆ ವಾರವೇ ಹೋದಳು.

ಮಾಮಾ ಈಗ ಫಾತೋರ್ಡಾದಲ್ಲಿ ಒಬ್ಬರೇ ಇದ್ದಾರೆ. ಸಂತೆಯಿಂದ ಬಂದ ಮೇಲೆ ಮನಸ್ಸು ತಡೆಯದೆ ನೋಡಿಕೊಂಡು ಬರಲು ಹೋದೆ. ಅದೇ ಬಣ್ಣದ ನೀರು ಕೊಟ್ಟರು. ತಾವೂ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಯವ್ವಾ, ಖರೇ ಹೇಳು. ನಾ ಮಾಡೂದು ಸರಿ ಐತಿ ಅಂತ ಆಕೀನ ಹೇಳ್ಯಾಳ. ಮತ್ತ ಆಕಿ ಮಾಡಿದ್ಹಂಗ ಯಾಕ ಆಗವಲ್ದು?"

ಬಿಲ್ಲೆ ಇಡಿ ಎಂದರೆ ಅಕ್ಕನ ಕೊನೆಯ ಮಾತು ಸುಳ್ಳಾಗುತ್ತದೆ.

"ಆಕಿ ಇಲ್ಲಲ್ಲ ಮಾಮಾ, ಅದಕ್ಕ," ಅಂದೆ.

"ಹೌದಲ್ಲ..." ಎಂದು ಮಾಮಾ ಲೋಟ ಎತ್ತಿ ಪೂರ್ತಿ ಕುಡಿದರು.